ಪುಸ್ತಕದ ಕೊನೆಯ ಎರಡು ಪುಟ: ಅಮ್ಮನ ಬೀಡಿಯ ವಿಷಯ ಬರೆಯಲೋ ಬೇಡವೋ?

ಪ್ರಶ್ನೆ (ಕಾರ್ಕಳದವಳು)

ನಮಸ್ಕಾರ. ನನ್ನ ಮೊದಲ ಕಾದಂಬರಿ ಅಚ್ಚಿಗೆ ಹೋಗುತ್ತಾ ಉಂಟು. ನಿನ್ನೆ ಪ್ರಕಾಶಕರು ಫೋನ್ ಮಾಡಿದ್ದರು. "ಕೊನೆಗೆ ಎರಡು ಪುಟ ಖಾಲಿ ಉಳಿದಿದೆ ಮೇಡಂ. ನಿಮ್ಮ ಓದು, ಮನೆತನ, ಬರವಣಿಗೆಗೆ ಹೇಗೆ ಬಂದ್ರಿ, ಇಷ್ಟು ಬರೆದು ಶುಕ್ರವಾರದೊಳಗೆ ಕಳಿಸಿ" ಅಂದರು. ಐದು ವರ್ಷ ಕೂತು ಕಾದಂಬರಿ ಬರೆದವಳಿಗೆ ಈ ಎರಡು ಪುಟ ಬರೆಯಲಿಕ್ಕೆ ಆಗುತ್ತಿಲ್ಲ.

ಮಾದರಿಗೆ ಅಂತ ಬೇರೊಬ್ಬರ ಪರಿಚಯ ಕಳಿಸಿದ್ದಾರೆ. ಅದರಲ್ಲಿ ಅಜ್ಜನ ಕಾಲದ ಪುಸ್ತಕದ ಕಪಾಟು ಉಂಟು, ಮನೆಗೆ ಬಂದು ಹೋಗುತ್ತಿದ್ದ ಸಾಹಿತಿಗಳು ಇದ್ದಾರೆ. ನಮ್ಮ ಮನೆಗೆ ಬರುತ್ತಿದ್ದದ್ದು ಪೋಸ್ಟ್‌ಮ್ಯಾನ್, ಅದೂ ಅಪರೂಪಕ್ಕೆ.

ನಮ್ಮ ಮನೆಮಾತು ತುಳು. ಕನ್ನಡ ಕಲಿತದ್ದು ಶಾಲೆಯಲ್ಲಿ. ಅಜ್ಜಿಗೆ ಓದು ಬರಹ ಇರಲಿಲ್ಲ. ಆದರೆ ನಾಟಿಯ ಗದ್ದೆಯಲ್ಲಿ ಪಾಡ್ದನ (ತುಳುವಿನ ಕಥೆಹಾಡು) ಎತ್ತಿದರೆ ಮಧ್ಯಾಹ್ನದ ಗಂಜಿಯವರೆಗೆ ನಿಲ್ಲಿಸುತ್ತಿರಲಿಲ್ಲ. ಮನೆಯೊಳಗೆ ಬಂದ ಮೊದಲ ಕನ್ನಡ ಬರಹ ಅಂದರೆ ಫಾರಂ ನಂಬ್ರ 7. 1974ರ ಭೂಸುಧಾರಣೆ ಬಂದ ಮೇಲೆ ಗೇಣಿದಾರರು ಜಾಗಕ್ಕೆ ಅರ್ಜಿ ಹಾಕಿದ ಫಾರಂ ಅದು. ನಮ್ಮ ಕಡೆ 'ಡಿಕ್ಲರೇಶನ್ ಕೊಡುವುದು' ಅಂತಲೇ ಹೇಳುತ್ತಾರೆ. ಅದರ ನಕಲನ್ನು ಅಜ್ಜ ಟ್ರಂಕಿನಲ್ಲಿ ಇಟ್ಟಿದ್ದರು. ಅಮ್ಮ ಆಗ ನಾಲ್ಕನೇ ಕ್ಲಾಸು. ವಾರಕ್ಕೊಮ್ಮೆ ಅವಳನ್ನು ಕೂರಿಸಿ ಅದನ್ನು ಓದಿಸುತ್ತಿದ್ದರಂತೆ, ಬರೆದದ್ದು ಎಲ್ಲಿಯಾದರೂ ಬದಲಾಗಿದೆಯೋ ಅಂತ ನೋಡಲಿಕ್ಕೆ. ಸರ್ವೆ ನಂಬ್ರ, ಎಕರೆ, ಸೆಂಟ್ಸ್, ಅಷ್ಟೇ. ಅಮ್ಮನಿಗೆ ಈಗಲೂ ಬಾಯಿಪಾಠ.

ಇನ್ನು ನನ್ನ ಓದು. ಸಂಜೆ ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯ ಇಬ್ಬರು ಸೇರಿ ಚಾವಡಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕೈಗೆ ಕೆಲಸ, ಕಿವಿ ಖಾಲಿ. ಐದನೇ ಕ್ಲಾಸಿನಿಂದ ನಾನು ಅವರಿಗೆ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದೆ. ಪತ್ರಿಕೆ ನಮ್ಮದಲ್ಲ, ಬೀಡಿ ಬ್ರಾಂಚಿನವರದ್ದು, ಒಂದು ವಾರ ಹಳತು. ಕಟ್ಟಿದ ಬೀಡಿ ಕೊಟ್ಟು ಎಲೆ ತರುವಾಗ ಅದನ್ನೂ ತರುವುದು. ಕನ್ನಡದಲ್ಲಿ ಓದುತ್ತಾ ನಡುನಡುವೆ ದೊಡ್ಡಮ್ಮನಿಗೆ ತುಳುವಿನಲ್ಲಿ ಬಿಡಿಸಿ ಹೇಳಬೇಕಿತ್ತು. ಕಂತಿನ ಕೊನೆಗೆ 'ಸಶೇಷ' ಅಂತ ಇರುತ್ತಿತ್ತು. ಅದು ಬರೆದವರ ಹೆಸರು ಅಂತ ನಾನು ಬಹಳ ಕಾಲ ನಂಬಿದ್ದೆ. ಅಲ್ಲಿಗೆ ಬಂದ ಕೂಡಲೇ ಜಗಳ ಶುರು. ಆ ಹುಡುಗಿ ಮನೆಬಿಟ್ಟು ಹೋಗ್ತಾಳೋ ಇಲ್ವೋ, ಹೋದರೆ ಬಸ್ಸಿಗೆ ಹಣ ಎಲ್ಲಿಂದ ಅಂತ. ನಾನು ಕಥೆ ಕಟ್ಟಲಿಕ್ಕೆ ಕಲಿತದ್ದು ಆ ಜಗಳ ಕೇಳಿ.

ಇಷ್ಟನ್ನೂ ಬರೆಯುವ ಅಂತ ಹೊರಟರೆ ಅಮ್ಮ ಬೇಡ ಅನ್ನುತ್ತಿದ್ದಾರೆ. "ಕಾದಂಬರಿಯಲ್ಲಿ ಎಂತ ಬೇಕಾದರೂ ಬರಿ. ನಿನ್ನ ಫೋಟೊದ ಕೆಳಗೆ ಬೀಡಿಯ ಸುದ್ದಿ ಬೇಡ." ಯಾಕೆ ಅಂದರೆ ಎದ್ದು ಹೋಗುತ್ತಾರೆ. ಬೀಡಿ ಬಿಟ್ಟರೆ ಉಳಿಯುವುದು ಕಾಲೇಜಿನ ಲೈಬ್ರರಿ. ಅಲ್ಲೂ ಓದಿದ್ದೇನೆ, ಆದರೆ ಅದು ಎಲ್ಲರ ಕಥೆ ಅಲ್ವಾ?

ಪ್ರಕಟಣೆಯ ಪಾಡನ್ನೂ ಬರೆಯಬೇಕಾ? ಮೊದಲು ಕಳಿಸಿದ ಕಡೆಯಿಂದ 11 ತಿಂಗಳು ಉತ್ತರ ಇಲ್ಲ. ಎರಡನೆಯವರು "300 ಪ್ರತಿ ನೀವೇ ಕೊಂಡುಕೊಳ್ಳಿ" ಅಂದರು. ಅಷ್ಟು ಹಣಕ್ಕೆ ಅಮ್ಮ ಎಷ್ಟು ಸಾವಿರ ಬೀಡಿ ಕಟ್ಟಬೇಕಿತ್ತು ಅಂತ ಲೆಕ್ಕ ಹಾಕಿ ಸುಮ್ಮನಾದೆ. ಈಗಿನವರು ಒಂದು ದೀಪಾವಳಿ ವಿಶೇಷಾಂಕದಲ್ಲಿ ನನ್ನ ಕಥೆ ಓದಿ ತಾವಾಗಿಯೇ ಕೇಳಿದವರು.

ಉತ್ತರ 1 (ಬೆನ್ನುಡಿ ಓದುಗ)

ನಾನು ಅಂಗಡಿಯಲ್ಲಿ ಪುಸ್ತಕ ಎತ್ತಿಕೊಂಡರೆ ಮೊದಲು ತಿರುಗಿಸಿ ಹಿಂದೆ ನೋಡುವವನು. ಅನುಭವದಿಂದ ಹೇಳ್ತೀನಿ, ಅಮ್ಮ ಬೇಡ ಅಂದ ಮೇಲೆ ಬೇಡ. ಕಾದಂಬರಿ ಬರೆಯೋಕೆ ಅವರು ತಡೆದಿಲ್ಲ, ಅದು ದೊಡ್ಡದು. ಪರಿಚಯಕ್ಕೆ ನಾಲ್ಕು ಸಾಲು ಸಾಕು: ಊರು, ಕೆಲಸ, ಇದು ಮೊದಲ ಕಾದಂಬರಿ. ಉಳಿದ ಜಾಗ ಖಾಲಿ ಇದ್ದರೆ ಇರಲಿ ಬಿಡಿ, ಓದುಗರು ಅಂಗಡಿ ಲೆಕ್ಕ ಬರೆದುಕೊಳ್ತಾರೆ.

ಪ್ರಕಾಶಕರ ಜಗಳ ಮಾತ್ರ ದಯವಿಟ್ಟು ಬರೆಯಬೇಡಿ. ಅದನ್ನು ಓದಿದರೆ ಯಾಕೋ ಸಾಲ ವಸೂಲಿಗೆ ಬಂದವರ ಹತ್ತಿರ ಕೂತಂತೆ ಆಗುತ್ತೆ.

ಉತ್ತರ 2 (ಪಾವಗಡ)

ಖಾಲಿ ಬಿಡಿ ಅನ್ನೋದನ್ನ ನಾನು ಒಪ್ಪಲ್ಲ. ನನ್ನ ಎರಡು ಕಾದಂಬರಿ ಬಂದಿವೆ. ಎರಡರ ಪರಿಚಯವನ್ನೂ ನಾನೇ ಬರೆದೆ, ಮೊದಲನೆಯದು ಪೂರ್ತಿ ಕೆಟ್ಟುಹೋಯ್ತು.

ನಮ್ಮ ತಾಲ್ಲೂಕು ಕರ್ನಾಟಕದ್ದೇ, ಆದರೆ ಹೆಚ್ಚುಕಮ್ಮಿ ಸುತ್ತಲೂ ಆಂಧ್ರ. ಮನೆಯಲ್ಲಿ ತೆಲುಗು. ಅಜ್ಜಿಯನ್ನು ನಾವು 'ಅವ್ವ' ಅಂತೀವಿ. ಕಾದಂಬರಿಯಲ್ಲೂ ಹಾಗೇ ಬರೆದಿದ್ದೆ. ಕರಡು ತಿದ್ದಿದವರು ಅವ್ವ ಅಂದರೆ ತಾಯಿ ಅಂದುಕೊಂಡು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದರು: 'ತಾಯಿಗೆ 70, ಮಗನಿಗೆ 9, ಹೇಗೆ?' ಅವರ ತಪ್ಪೇನೂ ಇಲ್ಲ. ಒಂದು ಸಾಲು ವಿವರಿಸಿದ್ದರೆ ಮುಗೀತಿತ್ತು. ನಾನು ಸೋಮಾರಿತನಕ್ಕೆ ಎಲ್ಲ ಕಡೆ 'ಅಜ್ಜಿ' ಮಾಡಿಬಿಟ್ಟೆ. ಪುಸ್ತಕ ಊರಿಗೆ ಹೋದಾಗ ನಮ್ಮ ಚಿಕ್ಕಪ್ಪ ಓದಿ "ಯಾರೋ ಈ ಅಜ್ಜಿ, ನಮ್ಮ ಮನೇಲಿ ಇರಲಿಲ್ಲವಲ್ಲ?" ಅಂದರು. ಪರಿಚಯದಲ್ಲಿ ಬೇರೆ, ಪ್ರಭಾವ ಅಂತ 11 ಜನ ದೊಡ್ಡವರ ಹೆಸರು ಹಾಕಿದ್ದೆ. ಅದರಲ್ಲಿ ಇಬ್ಬರ ಒಂದು ಪುಸ್ತಕವನ್ನೂ ಓದಿರಲಿಲ್ಲ. ಒಂದು ಕಾಲೇಜಿನಲ್ಲಿ ಹುಡುಗಿಯೊಬ್ಬಳು ಎದ್ದು ಅವರಲ್ಲೊಬ್ಬರ ಬಗ್ಗೆ ಕೇಳಿದಳು. ಮೈಕು ಸರಿಯಿಲ್ಲ ಅಂತ ನಟಿಸಿದೆ.

ಎರಡನೇ ಕಾದಂಬರಿ ನಮ್ಮ ಹೊಲದ ಬಗ್ಗೆ. ಕಡಲೆಕಾಯಿ ಬೆಳೀತಿದ್ದ ನಾಲ್ಕು ಎಕರೆ ಈಗ ಸೋಲಾರ್ ಪಾರ್ಕಿನಲ್ಲಿದೆ. ತಿರುಮಣಿ ಸುತ್ತಮುತ್ತ ಐದು ಊರಿನ ಸುಮಾರು 13,000 ಎಕರೆ ಹಾಗೆ ಹೋಗಿದೆ, 2,050 ಮೆಗಾವ್ಯಾಟ್ ಕರೆಂಟಿಗೆ. ಪರಿಚಯದಲ್ಲಿ 'ನಮ್ಮ ಜಮೀನು ಹೋಯಿತು' ಅಂತ ಬರೆದು ಅಪ್ಪನಿಗೆ ಓದಿ ಹೇಳಿದೆ. ಅವರೂ ನಿಮ್ಮ ತಾಯಿಯವರ ಹಾಗೇ, ಬೇಡ ಅಂದರು. ಎರಡು ದಿನ ಬಿಟ್ಟು, ಪೂರ್ತಿ ಬೇಡವೋ ಯಾವುದಾದರೂ ಒಂದು ಮಾತು ಬೇಡವೋ ಅಂತ ಕೇಳಿದೆ. "ಹೋಯಿತು ಅಂತ ಯಾಕೆ ಬರೀತೀಯ? ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದೀವಿ. ವರ್ಷಾ ವರ್ಷ ದುಡ್ಡು ಬರುತ್ತೆ" ಅಂದರು. ಒಂದು ಪದ ಬದಲಾಯಿಸಿದೆ, ಸರಿಹೋಯ್ತು. ನಿಮ್ಮ ತಾಯಿಯವರನ್ನೂ ಹಾಗೆ ಕೇಳಿ ನೋಡಿ.

ಮನೆಮಾತು ತುಳು ಅನ್ನೋದನ್ನ ಧೈರ್ಯವಾಗಿ ಹಾಕಿ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಕನ್ನಡದ ಎಂಟು ಜ್ಞಾನಪೀಠಗಳಲ್ಲಿ ಮೂರು ಅಲ್ಲಿಗೇ ಆಯ್ತು.

ಕಾರ್ಕಳದವಳು

ಮೈಕಿನ ಕಥೆಗೆ ನಗಾಡಿ ಸಾಕಾಯ್ತು ಸರ್. ಮನೆಮಾತಿನ ತೊಂದರೆ ನನಗೂ ಆಯ್ತು. ಕರಡಿನಲ್ಲಿ ನನ್ನ 'ಉಂಟು' ಎಲ್ಲ 'ಇದೆ' ಆಗಿ ಬಂದಿತ್ತು. ಕಾರ್ಕಳದ ಹೆಂಗಸು ಅಂಗಳದಲ್ಲಿ ನಿಂತು "ಏನಾದರೂ ವಿಶೇಷ ಇದೆಯೇ?" ಅಂತ ಕೇಳ್ತಾಳಂತೆ ಮಾರಾಯ್ರೆ!

ಇನ್ನೊಂದು ತಮಾಷೆ. ಅವರು ಕಳಿಸಿದ ಮಾದರಿ ತಂದೆಯ ಹೆಸರು, ತಂದೆಯ ಊರು ಅಂತ ಶುರುವಾಗುತ್ತದೆ. ನಮ್ಮದು ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಮನೆತನ ಲೆಕ್ಕ ಹಾಕುವ ಪದ್ಧತಿ. 'ಬರಿ' (ಕುಲದ ಹೆಸರು) ಬರುವುದು ಅಮ್ಮನ ಕಡೆಯಿಂದ. ಮನೆತನ ಬರೆಯಬೇಕಾದರೆ ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ ಅಂತಲೇ ಹೋಗಬೇಕು. ಅದರಲ್ಲಿ ಅಮ್ಮನನ್ನು ಬಿಟ್ಟು ಹೇಗೆ ಬರೆಯುವುದು?

ಉತ್ತರ 3 (ಡಿಟಿಪಿಯವ)

ಸಾಹಿತ್ಯ ನನಗೆ ಜಾಸ್ತಿ ಗೊತ್ತಿಲ್ಲ, ಪುಟ ಕಟ್ಟುವುದು ಗೊತ್ತು. ನಿಮ್ಮದು ಡೆಮಿ 1/8 ಅಳತೆಯ ಪುಸ್ತಕ ಇರಬೇಕು. 16 ಪುಟಕ್ಕೆ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). ಕಾದಂಬರಿ 206 ಪುಟಕ್ಕೆ ಮುಗಿದಿದ್ದರೆ 13 ಫಾರಂ ತುಂಬಲು 208 ಬೇಕು. ನಿಮ್ಮ ಜೀವನಚರಿತ್ರೆ ಬೇಕಾಗಿರುವುದು ಅದಕ್ಕೇ, ಬೇಜಾರು ಮಾಡ್ಕೋಬೇಡಿ. ಎರಡು ಪುಟ ಅಂದರೆ 450 ಪದದ ಸುತ್ತಮುತ್ತ. ಮೀರಿದರೆ ನಮ್ಮಂಥವರು ಅಕ್ಷರ ಸಣ್ಣ ಮಾಡಿ ತುರುಕ್ತೀವಿ, ಚೆನ್ನಾಗಿ ಕಾಣಲ್ಲ.

ನೀವು ಯೂನಿಕೋಡಿನಲ್ಲಿ ಕಳಿಸಿದ್ದನ್ನು ಇನ್ನೂ ಎಷ್ಟೋ ಕಡೆ 'ನುಡಿ' ಅನ್ನೋ ಹಳೆಯ ಫಾಂಟಿಗೆ ಬದಲಾಯಿಸ್ತಾರೆ. ಆಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತೆ. ನಿಮ್ಮ ಹೆಸರು, ಊರಿನ ಹೆಸರು ಎರಡನ್ನೂ ಕೊನೆಯ ಪಿಡಿಎಫ್‌ನಲ್ಲಿ ಬೆರಳಿಟ್ಟು ನೋಡಿ. 'ಕಾರ್ಕಳ'ದಲ್ಲೇ ಒಂದು ಅರ್ಕಾವತ್ತು ಇದೆ.

ತಾಯಿಯವರ ಒಪ್ಪಿಗೆ ಬಗ್ಗೆ ಒಂದು ಮಾತು. 1954ರ ಕಾನೂನಿನ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಮುಖಪುಟ ಹಳೆಯದಾಗುತ್ತೆ, ಅಂಗಡಿಯಿಂದ ಪುಸ್ತಕ ಹೋಗುತ್ತೆ, ಅಲ್ಲಿ ಮಾತ್ರ ಉಳಿಯುತ್ತೆ. ಆಮೇಲೆ ಅಳಿಸೋಕೆ ಆಗಲ್ಲ. ಅದಕ್ಕೇ ಒಂದು ಸಲ ಪೂರ್ತಿ ಓದಿ ಹೇಳಿ. ಹಾಂ, ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ಅಂತ ಯಾರಾದರೂ ನಿಮ್ಮ ಹತ್ತಿರ ದುಡ್ಡು ಕೇಳಿದರೆ ಕೊಡಬೇಡಿ. ಅದು ಸರ್ಕಾರದಿಂದ ಉಚಿತ.

ಕಾರ್ಕಳದವಳು

ಶುಕ್ರವಾರ ಬೆಳಿಗ್ಗೆ ಕಳಿಸಿದೆ. ಬುಧವಾರ ರಾತ್ರಿ ಏನಾಯಿತು ಹೇಳುತ್ತೇನೆ.

ಅಮ್ಮ ಬಸಳೆ ಸೋಸುತ್ತಾ ಕೂತಿದ್ದರು. ಬೀಡಿ ಬಿಟ್ಟು ಈಗ ಆರು ವರ್ಷ ಆಯ್ತು, ಆದರೂ ಕೈಗೆ ಏನಾದರೂ ಬೇಕು. ಪಾವಗಡದ ಸರ್ ಹೇಳಿದ ಹಾಗೆ, ಯಾವ ಮಾತು ಬೇಡ ಅಂತ ಹೇಳು, ಅದನ್ನು ಮಾತ್ರ ತೆಗೆಯುತ್ತೇನೆ ಅಂದು ಓದಲು ಶುರು ಮಾಡಿದೆ. ಫಾರಂ ನಂಬ್ರ 7ಕ್ಕೆ ಏನೂ ಹೇಳಲಿಲ್ಲ. ಸರ್ವೆ ನಂಬ್ರ ತಪ್ಪಿದೆ ಅಂತ ತಿದ್ದಿದರು, ಅಷ್ಟೇ. (ಸರ್ವೆ ನಂಬ್ರ ಪುಸ್ತಕಕ್ಕೆ ಯಾಕೆ ಅಂತ ಆಮೇಲೆ ನಾನೇ ತೆಗೆದೆ.)

'ಅಮ್ಮ ಬಡತನದಲ್ಲಿ ಬೀಡಿ ಕಟ್ಟಿ ನನ್ನನ್ನು ಓದಿಸಿದರು' ಅಂತ ಒಂದು ಸಾಲು ಇತ್ತು. ಅಲ್ಲಿ ಕೈ ನಿಂತಿತು. "ಇದೇ ಬೇಡ ಅಂದದ್ದು. ಬೀಡಿ ಅಂದ ಕೂಡಲೇ ಎಲ್ಲರೂ ಪಾಪ ಅನ್ನಲಿಕ್ಕೆ ಶುರು ಮಾಡ್ತಾರೆ. ನಾನು ಎಲ್ಲಿ ಓದಿಸಿದ್ದು? ಓದಿದ್ದು ನೀನು, ಕೇಳಿದ್ದು ನಾವು."

ಸಾಲು ತೆಗೆದೆ. 'ದಿನಕ್ಕೆ 600 ಬೀಡಿ' ಅಂತ ಮುಂದಿನ ಸಾಲಿನಲ್ಲಿತ್ತು. ಅದಕ್ಕೂ ಆಕ್ಷೇಪ. "800. ನೀನು ಕಥೆ ಓದುವ ದಿನ 1,000 ಆಗ್ತಿತ್ತು. ಕೈ ಹೋದದ್ದೇ ಗೊತ್ತಾಗ್ತಿರಲಿಲ್ಲ." ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹಾಗೇ ಬರೆದಿದ್ದೇನೆ, ಎರಡೂ ಲೆಕ್ಕ ಹಾಕಿ. ಹೆಸರು ಮಾತ್ರ ಬೇಡ ಅಂದರು, ಹಾಕಿಲ್ಲ.

ಪ್ರಕಾಶಕರ ಜಗಳ ಬಿಟ್ಟಿದ್ದೇನೆ. ದೊಡ್ಡವರ ಹೆಸರೂ ಹಾಕಿಲ್ಲ. 430 ಪದ. ಮಧ್ಯಾಹ್ನ ಪಿಡಿಎಫ್ ಬಂತು. ಅರ್ಕಾವತ್ತು ಸರಿ ಉಂಟು. ಆದರೆ ಅಮ್ಮನ ಮಾತಿನಲ್ಲೂ ಒಂದು 'ಇದೆ' ಬಂದು ಕೂತಿದೆ, ಈಗ ಫೋನ್ ಮಾಡಬೇಕು.