‘ಉಪನಗರ ರೈಲು’ ಅನ್ನಬೇಕೋ, ‘ಲೋಕಲ್’ ಸಾಕೋ?

ಎಲ್ಲರಿಗೂ ನಮಸ್ಕಾರ.

ಮುಂಬೈಯ ಪಶ್ಚಿಮ ಲೈನಿನ ರೈಲು ಹೇಗೆ ಬೆಳೆಯಿತು ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಚರ್ಚ್‌ಗೇಟಿನಿಂದ ವಿರಾರ್‌ಗೆ, ಕಡಲನ್ನು ಎಡಕ್ಕಿಟ್ಟುಕೊಂಡು ಹೋಗುವ ಸುಮಾರು 60 ಕಿಲೋಮೀಟರ್ ದಾರಿ. ಪತ್ರಿಕೆಗಳಲ್ಲಿ ಇದು ‘ಉಪನಗರ ರೈಲು’. ಈಗಿನ ಕಾಲದ ಮಟ್ಟಿಗೆ ಈ ಪದ ಹೇಗೋ ನಡೆಯುತ್ತದೆ. 1867ಕ್ಕೆ ಹೋದರೆ ಮಾತ್ರ ಕೈಕೊಡುತ್ತದೆ.

ಆ ವರ್ಷ ಏಪ್ರಿಲ್ 12ರಂದು ಬಿಬಿಸಿಐ, ಅಂದರೆ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ಕಂಪನಿ, ವಿರಾರ್‌ನಿಂದ ದಕ್ಷಿಣ ಮುಂಬೈಯ ಬ್ಯಾಕ್‌ಬೇಗೆ ಒಂದು ಗಾಡಿ ಬಿಟ್ಟಿತು. ದಿನಕ್ಕೆ ಒಂದೇ. ಬೆಳಿಗ್ಗೆ 6:45ಕ್ಕೆ ವಿರಾರ್‌ನಿಂದ ಹೊರಟು, ಸಂಜೆ 5:30ಕ್ಕೆ ವಾಪಸ್. ಆಗ ಅಂಧೇರಿ ‘ಅಂದಾರು’, ಬೋರಿವಲಿ ‘ಬೋರೆವ್ಲಾ’, ಬಾಂದ್ರಾ ‘ಬಂದೋರಾ’. ಹೆಚ್ಚಿನವು ಹೊಲ, ತೋಟ, ಉಪ್ಪಿನ ಆಗರಗಳ ನಡುವಿನ ಹಳ್ಳಿಗಳು. ಪೇಟೆ ಮಾಹಿಮ್ ಕ್ರೀಕಿನ ಈಚೆಗೇ ಮುಗಿಯುತ್ತಿತ್ತು. ರೈಲು ಮೊದಲು ಬಂತು, ಉಪನಗರ ಅದರ ಬೆನ್ನು ಹಿಡಿದು ಆಮೇಲೆ ಬಂತು. ಇನ್ನೂ ಹುಟ್ಟದ ಉಪನಗರಕ್ಕೆ ಉಪನಗರ ರೈಲು ಬಿಟ್ಟರು ಅಂತ ಬರೆದರೆ ವಿಚಿತ್ರ ಅಲ್ವಾ?

ಇನ್ನೊಂದು ತೊಡಕೂ ಇದೆ. ಮುಂಬೈಯಲ್ಲಿ ‘ಉಪನಗರ’ ಸರಕಾರಿ ಪದವೂ ಹೌದು. 1990ರಲ್ಲಿ ಆದ ಮುಂಬೈ ಉಪನಗರ ಜಿಲ್ಲೆ ಈ ಲೈನಿನಲ್ಲಿ ದಹಿಸರ್‌ಗೇ ಮುಗಿಯುತ್ತದೆ. ವಿರಾರ್ ಇರುವುದು ಪಾಲ್ಘರ್ ಜಿಲ್ಲೆಯಲ್ಲಿ. ಬೆಂಗಳೂರಿನವರಿಗೋ ಉಪನಗರ ಅಂದ ಕೂಡಲೇ ನೆನಪಾಗುವುದು ಕೆಂಗೇರಿ ಉಪನಗರ, ಯಲಹಂಕ ಉಪನಗರ. ಅಂದರೆ ನಕ್ಷೆ ಹಾಕಿ ಕಟ್ಟಿದ ಊರು. ಅಲ್ಲೀಗ ಕಟ್ಟುತ್ತಿರುವುದಕ್ಕೂ ‘ಉಪನಗರ ರೈಲು’ ಅಂತಲೇ ಹೆಸರು. ಆದರೆ ಅದರ ಮಾರ್ಗಗಳನ್ನು ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಕರೆದ ಪುಣ್ಯಾತ್ಮರು ಯಾರೋ, ಅವರಿಗೆ ಕಿವಿ ಚೆನ್ನಾಗಿದೆ. ಜನ ಹೂವಿನ ಹೆಸರನ್ನೇ ಹಿಡಿದುಕೊಳ್ಳುತ್ತಾರೆ, ನೋಡ್ತಾ ಇರಿ.

ಹಾಗಾದರೆ ಸುಮ್ನೆ ‘ಲೋಕಲ್’ ಅಂದರಾಯಿತಲ್ಲ ಅನ್ನಬಹುದು. ಮುಂಬೈ ಕನ್ನಡಿಗರ ಬಾಯಲ್ಲಿ ಇರುವುದೂ ‘ಲೋಕಲ್’, ಇಲ್ಲವೇ ಬರೀ ‘ಗಾಡಿ’. ನಮ್ಮ ಕಡೆ ಮಾತ್ರ ‘ಲೋಕಲ್ ಮಾಲು’ ಅಂದರೆ ಕಳಪೆ, ‘ಲೋಕಲ್ ಟ್ರೈನ್’ ಅಂದರೆ ಸಿಕ್ಕಸಿಕ್ಕಲ್ಲಿ ನಿಲ್ಲುವ ಪ್ಯಾಸೆಂಜರ್. ಮುಂಬೈಯಲ್ಲಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಇದ್ದ ಹಾಗೆ ಕೆಲವೇ ಕಡೆ ನಿಲ್ಲುವ ಫಾಸ್ಟ್ ಲೋಕಲ್ಲೂ ಇದೆ. ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ ಊರಿನ ಗುರುತು, ಹೊರಡುವ ಹೊತ್ತು, ಪಕ್ಕದಲ್ಲಿ ಎಫ್ ಅಥವಾ ಎಸ್ ಅಕ್ಷರ. ಅದನ್ನು ನೋಡದೆ ಸಂಜೆ ವಿರಾರ್ ಫಾಸ್ಟ್ ಹತ್ತಿ, ಅಂಧೇರಿಯಲ್ಲಿ ಇಳಿಯಬೇಕು ಅಂತ ಬಾಗಿಲಿಗೆ ನುಗ್ಗಿದರೆ ದೂರ ಹೋಗುವವರಿಂದ ಬೈಗುಳ ಗ್ಯಾರಂಟಿ.

ನನ್ನ ಲೆಕ್ಕದಲ್ಲಿ ಈಗಿನ ಅರ್ಥದ ಲೋಕಲ್ ಹುಟ್ಟಿದ್ದು ಕರೆಂಟ್ ಬಂದ ಮೇಲೆ. ಮುಂಬೈಯಲ್ಲಿ ಮೊದಲ ಕರೆಂಟ್ ಗಾಡಿ ಓಡಿದ್ದು 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಪಶ್ಚಿಮ ಲೈನಿನಲ್ಲಿ 1928ಕ್ಕೆ ಕೊಲಾಬಾದಿಂದ ಬೋರಿವಲಿವರೆಗೆ, 1936ಕ್ಕೆ ವಿರಾರ್‌ವರೆಗೆ. ಎರಡೂ ತುದಿಯಲ್ಲಿ ಡ್ರೈವರ್ ಕೋಣೆ, ಎಂಜಿನ್ ಬಿಚ್ಚಿ ತಿರುಗಿಸುವ ರಗಳೆ ಇಲ್ಲ. ಬಂದ ಗಾಡಿ ನಾಲ್ಕಾರು ನಿಮಿಷದಲ್ಲಿ ಬಂದ ದಾರಿಯಲ್ಲೇ ವಾಪಸ್. ಹಾಗಾಗಿ 1928ರಿಂದ ಈಚೆಗೆ ‘ಲೋಕಲ್’, ಅದಕ್ಕೂ ಹಿಂದಿನದಕ್ಕೆ ‘ಹೋಗಿಬರುವ ಗಾಡಿ’ ಅಂತ ಬರೆಯೋಣ ಅಂದುಕೊಂಡಿದ್ದೇನೆ. ಒಪ್ಪುತ್ತೀರಾ?

ನಡುವೆ ‘ಲೈನ್’ ಬಗ್ಗೆ ಒಂದು ಮಾತು. ಮರೀನ್ ಲೈನ್ಸ್ ಸ್ಟೇಷನ್ನಿನ ‘ಲೈನ್ಸ್’ಗೂ ರೈಲು ಹಳಿಗೂ ಸಂಬಂಧ ಇಲ್ಲ. ಅದು ಮರೀನ್ ಬೆಟಾಲಿಯನ್ ಸೈನಿಕರ ವಸತಿ ಸಾಲು. ಮರೀನ್ ಡ್ರೈವ್‌ಗಾಗಿ ಕಡಲು ತುಂಬಿಸುವ ಮುಂಚೆ ನೀರು ಅಲ್ಲಿ ಹಳಿಯ ಹತ್ತಿರಕ್ಕೇ ಬರುತ್ತಿತ್ತು. ಆಗ ಹಳಿ ಚರ್ಚ್‌ಗೇಟ್ ದಾಟಿ ಕೊಲಾಬಾಕ್ಕೂ ಹೋಗುತ್ತಿತ್ತು. 1930ರ ಕೊನೆಗೆ ಆ ತುಂಡು ಮುಚ್ಚಿತು.

ಎರಡನೇ ಪ್ರಶ್ನೆ: ದಿನಾ ಕೆಲಸಕ್ಕೆ ಹೋಗಿಬರುವವರಿಗೆ ಏನನ್ನೋಣ? ‘ಪ್ರಯಾಣಿಕ’ ಎಲ್ಲರಿಗೂ ಸಲ್ಲುವ ಪದ, ಕಾಶಿಗೆ ಹೊರಟವನೂ ಪ್ರಯಾಣಿಕನೇ. ‘ನಿತ್ಯ ಪ್ರಯಾಣಿಕ’ ಫಾರ್ಮು ತುಂಬುವಾಗ ಸರಿ. ನಮ್ಮಲ್ಲಿ ‘ಅಪ್ ಅಂಡ್ ಡೌನ್ ಮಾಡೋರು’ ಅನ್ನುವುದು ಜಾಸ್ತಿ. ಆದರೆ ಈ ಲೈನಿನಲ್ಲಿ ಚರ್ಚ್‌ಗೇಟ್ ಕಡೆಗೆ ಹೋಗುವುದು ‘ಅಪ್’, ವಿರಾರ್ ಕಡೆಗೆ ‘ಡೌನ್’ ಅಂತ ರೈಲ್ವೆಯ ಲೆಕ್ಕ. ಅಲ್ಲಿ ಗೊಂದಲ ಆಗುತ್ತದೆ. ನನಗೆ ಹಿಡಿಸಿದ್ದು ‘ಪಾಸಿನವರು’. ಗೊತ್ತಾದ ಗಾಡಿ, ಗೊತ್ತಾದ ಡಬ್ಬಿ, ಇಸ್ಪೀಟು, ಭಜನೆ, ಮೂವರ ಸೀಟಿಗೆ ನಾಲ್ಕನೆಯವರನ್ನು ಕೂರಿಸಿಕೊಳ್ಳುವುದು, ಎಲ್ಲವೂ ಆ ಪದದಲ್ಲಿ ಬರುತ್ತದೆ. ಬಿಟ್ಟಿ ಪಾಸಿನವರು ಅಂತ ಯಾರಾದರೂ ತಿಳಿದಾರೇನೋ ಅನ್ನುವುದೊಂದೇ ಅನುಮಾನ.

ಮುಂಬೈಯಲ್ಲಿ ಇರುವವರು, ಹಿಂದೆ ಇದ್ದವರು ದಯವಿಟ್ಟು ತಿಳಿಸಿ. ಐವತ್ತು, ಅರವತ್ತರ ದಶಕದಲ್ಲಿ ಹೋಟೆಲ್ ಕೆಲಸಕ್ಕೆ ಅಂತ ಕರಾವಳಿಯಿಂದ ಹೋದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕೇಳಿ. ಅವರು ಇದಕ್ಕೆಲ್ಲ ಏನನ್ನುತ್ತಿದ್ದರು? ತುಳು ಮಾತಾದರೂ ಪರವಾಗಿಲ್ಲ.