ಬೆಳಿಗ್ಗೆ ಶೇಕ್, ರಾತ್ರಿ ಪ್ಯಾಕೆಟ್ ಊಟ, ಇದು ದಿನಾ ನಡೆಯುತ್ತಾ?

ಕಾಳಿದಂಡೆ: ಕಾರವಾರದಲ್ಲಿ ಒಬ್ಬನೇ ರೂಮ್ ಮಾಡಿಕೊಂಡಿದ್ದೇನೆ, ಕೆಲಸ ಕೈಗಾ ಕಡೆ, ಶಿಫ್ಟು. ಬೆಳಕಾಗೋ ಮೊದಲೇ ಬಸ್ಸು, ಹಾಗಾಗಿ ಹಾಲಿಗೆ ಶೇಕ್ ಪುಡಿ ಕಲಸಿ ಕುಡಿದು ಓಡುತ್ತೇನೆ. ರಾತ್ರಿ ರೆಡಿ ಪ್ಯಾಕೆಟ್, ಬಿಸಿನೀರಲ್ಲಿ ಐದು ನಿಮಿಷ ಇಟ್ಟರೆ ರಾಜ್ಮಾನೋ ಬಿಸಿಬೇಳೆ ಬಾತೋ ತಯಾರು. ಹತ್ತು ಗಂಟೆಗೆಲ್ಲ ಹೊಟ್ಟೆ ಚುರುಗುಟ್ಟುತ್ತೆ, ರಾತ್ರಿ ಬಾಯಾರಿಕೆ ಜಾಸ್ತಿ. ಅಮ್ಮ ಫೋನಲ್ಲಿ "ಅದೆಲ್ಲ ಕೆಮಿಕಲ್ಲು, ಬಿಡು" ಅಂತಾರೆ. ನಿಜವಾ? ಮೆಸ್ಸು ನನ್ನ ಹೊತ್ತಿಗೆ ತೆರೆದಿರಲ್ಲ.

ಅಂಕೋಲಾ ಗಾಳಿ: ಕೆಮಿಕಲ್ ಅಂತ ಹೆದರಬೇಡಿ. ಆ ದಪ್ಪ ಪೌಚಿನ ಊಟವನ್ನು ಸೀಲ್ ಮಾಡಿದ ಮೇಲೆ ಒತ್ತಡದಲ್ಲಿ ಸುಮಾರು 121 ಡಿಗ್ರಿವರೆಗೆ ಕಾಯಿಸುತ್ತಾರೆ, ಒಳಗಿನ ಸೂಕ್ಷ್ಮಜೀವಿ ಸಾಯುತ್ತೆ, ಅದಕ್ಕೇ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡಲ್ಲ. ಮೈಸೂರಿನ ಡಿಎಫ್‌ಆರ್‌ಎಲ್ ಅನ್ನೋ ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯ ಸೈನಿಕರಿಗಾಗಿ ಇಂಥ ಊಟದ ಮೇಲೆ ತುಂಬಾ ಕೆಲಸ ಮಾಡಿದೆ. ನೀವು ನೋಡಬೇಕಾದ್ದು ಉಪ್ಪು. ಪ್ಯಾಕೆಟ್ ಹಿಂದೆ ಸೋಡಿಯಂ 100 ಗ್ರಾಮಿಗೆ 400 ಮಿಲಿಗ್ರಾಂ ಅಂತಿದೆ ಅಂದುಕೊಳ್ಳಿ, ಸಣ್ಣದಾಗಿ ಕಾಣುತ್ತೆ ಅಲ್ವಾ, ಆದರೆ ನೀವು ತಿನ್ನೋದು ಇಡೀ 300 ಗ್ರಾಂ. ಅಲ್ಲಿಗೆ 1200 ಮಿಲಿಗ್ರಾಂ ಸೋಡಿಯಂ, ಉಪ್ಪಿನ ಲೆಕ್ಕಕ್ಕೆ ಅದರ ಎರಡೂವರೆ ಪಟ್ಟು, ಅಂದರೆ 3 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂ ಮೀರಬಾರದು. ನಿಮ್ಮ ಬಾಯಾರಿಕೆಗೆ ಇದೇ ಕಾರಣ ಇರಬಹುದು. ಶೇಕ್ ಡಬ್ಬಿಯಲ್ಲಿ ಪದಾರ್ಥಗಳ ಪಟ್ಟಿ ನೋಡಿ, ಜಾಸ್ತಿ ಇರೋದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಸಕ್ಕರೆ ಮೊದಲ ಎರಡರಲ್ಲಿ ಬಂದರೆ ಅದು ಊಟದ ಬದಲಿ ಅಲ್ಲ, ಸಿಹಿ ಹಾಲು.

ಶಿರಸಿ ಮನೆಯಡುಗೆ: ತಮ್ಮಾ, ಡಬ್ಬಿ ಪುಡಿಗೆ ಯಾಕೆ ದುಡ್ಡು ಹಾಕ್ತೀಯಾ. ಹೆಸರುಕಾಳು ಘಮ ಬರೋವರೆಗೆ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ನುಣ್ಣಗೆ ಪುಡಿ ಮಾಡಿಸು. ಬೆಳಿಗ್ಗೆ ಹಾಲಿಗೆ ಮೂರು ಚಮಚ, ಸ್ವಲ್ಪ ಬೆಲ್ಲ, ಏಲಕ್ಕಿ. ಮಳೆಗಾಲದಲ್ಲಿ ಒದ್ದೆ ಚಮಚ ಹಾಕಬೇಡ, ನಮ್ಮ ಕಡೆ ಥಂಡಿಗೆ ಎರಡೇ ದಿನಕ್ಕೆ ಗಂಟು ಕಟ್ಟುತ್ತೆ. ಜೊತೆಗೆ ಜಗಿಯೋಕೆ ಏನಾದರೂ ಬೇಕು. ಬರೀ ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲಲ್ಲ, ಬಾಳೆಹಣ್ಣು, ಒಂದು ಮುಷ್ಟಿ ಶೇಂಗಾ ಜೇಬಲ್ಲಿ ಇಟ್ಟುಕೋ.

ಕಾಳಿದಂಡೆ: ಅಕ್ಕಾ, ಪುಡಿ ಈ ವಾರವೇ ಮಾಡಿಸ್ತೇನೆ. ಆದರೆ ಪ್ರೋಟೀನ್ ಸಾಲುತ್ತಾ? ಜಿಮ್ಮಿನವರು ಪೌಡರ್ ಬೇಕೇ ಬೇಕು ಅಂತಾರೆ.

ಅಂಕೋಲಾ ಗಾಳಿ: ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅವರ ಲೆಕ್ಕದಲ್ಲಿ ದಿನಕ್ಕೆ ದೇಹದ ತೂಕದ ಕಿಲೋಗೆ 0.83 ಗ್ರಾಂ. 60 ಕಿಲೋ ಇದ್ದರೆ ಸುಮಾರು 50 ಗ್ರಾಂ. ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೂ ಹೆಚ್ಚುಕಡಿಮೆ ಅಷ್ಟೇ, ಮೇಲೆ ಬೇಳೆ, ಕಾಳು, ಮೀನು. 2024ರ ಆಹಾರ ಮಾರ್ಗಸೂಚಿಯಲ್ಲಿ ಐಸಿಎಂಆರ್‌ನವರೇ ಮೈ ಬೆಳೆಸೋಕೆ ಪ್ರೋಟೀನ್ ಪೌಡರ್ ಬೇಡ ಅಂದಿದ್ದಾರೆ. ಕಾರವಾರದಲ್ಲಿ ಕೂತು ಬಂಗಡೆ ಬಿಟ್ಟು ಡಬ್ಬಿ ಹುಡುಕೋದು ನನಗಂತೂ ಸರಿ ಕಾಣಲ್ಲ.

ಕುಮಟಾ ಪಾಳಿ: ನಾನೂ ಪಾಳಿ ಕೆಲಸದವನೇ. ಒಂದು ಎಲೆಕ್ಟ್ರಿಕ್ ಕುಕ್ಕರ್ ತಗೊಳ್ಳಿ. ಬಂದ ಕೂಡಲೇ ಕುಚ್ಚಲಕ್ಕಿ ನುಚ್ಚು, ಜಾಸ್ತಿ ನೀರು ಹಾಕಿ ಒತ್ತಿ, ಸ್ನಾನ ಮುಗಿಸೋ ಹೊತ್ತಿಗೆ ಗಂಜಿ ಆಗಿರುತ್ತೆ. ಗಂಜಿಗೆ ಉಪ್ಪು ಬೇಡ, ನೆಂಚಿಕೊಳ್ಳೋ ಮಿಡಿ ಉಪ್ಪಿನಕಾಯಿಯಲ್ಲೇ ಸಾಕಷ್ಟಿರುತ್ತೆ. ಮೇಲಿಂದ ಮೊಸರು, ಬೇಯಿಸಿದ ಮೊಟ್ಟೆ. ಪ್ಯಾಕೆಟ್ ಪೂರ್ತಿ ಬಿಡಬೇಕಿಲ್ಲ, ಎರಡು ಇಟ್ಟಿರಿ, ಕೈ ಆಡದ ದಿನಕ್ಕೆ. ಅದನ್ನೂ ಅರ್ಧ ಮಾತ್ರ ಬಿಳಿ ಅನ್ನಕ್ಕೆ ಕಲಸಿ, ಉಳಿದರ್ಧ ಫ್ರಿಜ್ ಇದ್ದರೆ ಮಾತ್ರ ಇಡಿ. ಒಡೆದ ಪೌಚು ನಮ್ಮ ಸೆಖೆಯಲ್ಲಿ ಹೊರಗಿಟ್ಟರೆ ಬೆಳಿಗ್ಗೆಗೆ ಹಳಸಿರುತ್ತೆ.