ಅಮ್ಮ ಶುಗರ್ ಮಾತ್ರೆ ಬಿಟ್ಟಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಉಪವಾಸ ಪ್ರಾರ್ಥನೆಗೆ ಹೋಗಿ ಬಂದಾಗಿನಿಂದ ಅಮ್ಮ ಮಾತ್ರೆ ಮುಟ್ಟುತ್ತಿಲ್ಲ. "ಯೇಸಪ್ಪ ವಾಸಿ ಮಾಡಿದ ಮೇಲೆ ನುಂಗಿದರೆ ಅಪನಂಬಿಕೆ" ಅಂತಾರೆ. ಮೊನ್ನೆ ಖಾಲಿ ಹೊಟ್ಟೆಯಲ್ಲಿ 268. ಮಾತ್ರೆ ಚೀಟಿ ಬೈಬಲ್ ಒಳಗೆ ಗುರುತಿಗೆ ಇಟ್ಟಿದ್ದಾರೆ! ವಾದಿಸಿದರೆ ಅಳು.

ಉತ್ತರ: ಬೈಬಲಿನ ಯೆಶಾಯ 38 ಓದಿಸಿ. ರಾಜ ಹಿಜ್ಕೀಯನಿಗೆ ದೇವರು 15 ವರ್ಷ ಆಯುಷ್ಯ ಕೊಟ್ಟರೂ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಬೇಕಾಯಿತು. ಯೆರೂಸಲೇಮಿನ ಗೋಡೆ ಕಟ್ಟಿಸಿದ ನೆಹೆಮೀಯನೂ ಅಷ್ಟೇ, ಶತ್ರುಗಳ ಭಯಕ್ಕೆ ಪ್ರಾರ್ಥಿಸಿದ, ಕಾವಲೂ ಇಟ್ಟ.

ಇನ್ನೊಬ್ಬರು: ವಚನ ನಿಮಗಿಂತ ಅಮ್ಮನಿಗೇ ಹೆಚ್ಚು ಗೊತ್ತಿರುತ್ತೆ ಬಿಡಿ. ಸಭೆಯ ಅಯ್ಯನವರನ್ನು (ಪಾಸ್ಟರ್) ಮನೆಗೆ ಕರೆಸಿ. ಹೀಗೇ ಹಟ ಹಿಡಿದಿದ್ದ ನಮ್ಮ ಮಾವನೆದುರು ನಮ್ಮ ಅಯ್ಯನವರು ಜೇಬಿನಿಂದ ತಮ್ಮದೇ ಬಿಪಿ ಮಾತ್ರೆ ತೆಗೆದು ತೋರಿಸಿದರು. ಮಾವ ಗಪ್‌ಚುಪ್.

ಕೇಳಿದವಳು: ಅಯ್ಯನವರು ಬಂದಿದ್ದರು. ಡಾಕ್ಟರನ್ನೂ ಕಂಡೆವು. ರಾತ್ರಿ ಅಮ್ಮ ಮಾತ್ರೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನುಂಗಿದರು. ಕಹಿ ಅಂತ ನನ್ನನ್ನೇ ಬೈದರು.